ಬಿಂದಿಗೆ ಹಿಡಿದವಳಿಗೆ ಮೂರು ಅಂಕ

ನನಗೆ ಸಿಟ್ಟು ಬೇಗ ಬರುತ್ತೆ ಅಂತ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತು. ಬಂದ ಸಿಟ್ಟು ಸಂಜೆಯ ಕಾಫಿ ಹೊತ್ತಿಗೆ ಇಳಿಯುತ್ತೆ ಅಂತಲೂ ಗೊತ್ತು. ಈ ಸಲದ್ದು ತಿಂಗಳಾದರೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಗಿರಿಜಾಂಬ, ಕನಕಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷದಿಂದ ಅತಿಥಿ. ಇಷ್ಟು ದಿನ ಉಳಿದ ಅತಿಥಿಯನ್ನು ಯಾರ ಮನೆಯಲ್ಲೂ ಇಟ್ಟುಕೊಳ್ಳುವುದಿಲ್ಲ, ಇವರು ಇಟ್ಟುಕೊಂಡಿದ್ದಾರೆ, ಅಷ್ಟರಮಟ್ಟಿಗೆ ಒಳ್ಳೆಯವರು.

ಈ ವರ್ಷ ಕಾಲೇಜಿಗೆ ಗ್ರೇಡ್ ಕೊಡುವ ತಂಡ ಬರುವುದಿತ್ತು. ಅಷ್ಟರೊಳಗೆ ನಮ್ಮ ಮಕ್ಕಳಲ್ಲಿ ‘ನಾಗರಿಕ ಪಾಲ್ಗೊಳ್ಳುವಿಕೆ’ ಎಷ್ಟಿದೆ ಎಂದು ಅಳೆಯಬೇಕಂತೆ. ಪ್ರಿನ್ಸಿಪಾಲ್ ಚನ್ನಲಿಂಗಪ್ಪನವರು ಎಲ್ಲಿಂದಲೋ ಒಂದು ಫಾರ್ಮ್ ತರಿಸಿದರು. ಹದಿನೆಂಟು ಪ್ರಶ್ನೆ, ಇಪ್ಪತ್ತೈದು ಅಂಕ. ಸ್ವಚ್ಛತಾ ಅಭಿಯಾನದಲ್ಲಿ ಭಾಗವಹಿಸಿದ್ದೀರಾ, ಪ್ರತಿಭಟನೆಯಲ್ಲಿ ಭಾಗವಹಿಸಿದ್ದೀರಾ, ಹೀಗೆ ಒಂದೊಂದಕ್ಕೆ ಒಂದು ಅಂಕ. ಗ್ರಾಮಸಭೆಗೆ ಹೋಗಿದ್ದೀರಾ ಎನ್ನುವ ಪ್ರಶ್ನೆಗೆ ಮಾತ್ರ ಎಂಟು. ಪ್ರತಿಯೊಂದರ ಪಕ್ಕದಲ್ಲೂ ‘ಪುರಾವೆ’ ಎಂಬ ಕಾಲಂ. ಮಕ್ಕಳು ಬೇಜವಾಬ್ದಾರಿಯಿಂದ ತುಂಬಬಾರದೆಂದು ಅದನ್ನೇ ಕೊನೆಯ ಸೆಮಿಸ್ಟರಿನ ಆಂತರಿಕ ಅಂಕ ಮಾಡಿಬಿಟ್ಟರು. ಹತ್ತು ಬಂದರೆ ಪಾಸು, ಇಲ್ಲದಿದ್ದರೆ ಡಿಗ್ರಿ ಒಂದು ವರ್ಷ ಮುಂದಕ್ಕೆ.

ಮಾದರಿಗೆಂದು ಮೊದಲು ನಾವು ಉಪನ್ಯಾಸಕರೂ ತುಂಬಿದೆವು. ನನಗೆ ಇಪ್ಪತ್ತೊಂದು ಬಂತು. ಹೆಮ್ಮೆಯೇ ಆಯಿತು, ಸುಳ್ಳೇಕೆ ಹೇಳಲಿ.

ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಬಂದದ್ದು ಶಶಾಂಕ್‌ಗೆ, ಇಪ್ಪತ್ನಾಲ್ಕು. ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ ಮುಂದೆ ಪೊರಕೆ ಹಿಡಿದು ನಿಂತ ಫೋಟೊ ಲಗತ್ತಿಸಿದ್ದ. ಪೊರಕೆಗೆ ಅಂಗಡಿಯವರು ಹಾಕಿದ್ದ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು. ಎಲ್ಲರಿಗಿಂತ ಕಡಿಮೆ ಬಂದದ್ದು ರಮ್ಯಾಗೆ. ಮೂರು. ವೋಟು ಹಾಕಿದ್ದೇನೆ, ಗಿಡ ನೆಟ್ಟಿದ್ದೇನೆ, ರಕ್ತ ಕೊಟ್ಟಿದ್ದೇನೆ. ಉಳಿದ ಹದಿನೈದಕ್ಕೂ ‘ಇಲ್ಲ’.

ನನಗೆ ಮೈ ಉರಿದು ಹೋಯಿತು. ರಮ್ಯಾ ದಡ್ಡಿಯಲ್ಲ. ನಮ್ಮ ಪಂಚಾಯಿತಿಗೇ ಸೇರಿದ ದೊಡ್ಡಿಯವಳು, ದೊಡ್ಡಿ ಅಂದರೆ ಸಣ್ಣ ಹಳ್ಳಿ, ನಮ್ಮೂರಿಂದ ಎರಡು ಮೈಲಿ. ಪಿಡಿಒ ಪರೀಕ್ಷೆ ಬರೆದು ಪಂಚಾಯಿತಿ ಅಧಿಕಾರಿ ಆಗಬೇಕೆಂದು ಮೊದಲ ವರ್ಷದಿಂದ ಹೇಳುತ್ತಿದ್ದಳು. ಎಷ್ಟೋ ವರ್ಷಕ್ಕೊಮ್ಮೆ ಕರೆಯುವ ಹುದ್ದೆ. ಈ ಸಲದ ಅರ್ಜಿಗೆ ಈ ವರ್ಷವೇ ಡಿಗ್ರಿ ಕೈಯಲ್ಲಿರಬೇಕು. ಅಂಥವಳು ಹೀಗೆ ತುಂಬಿದರೆ? ಸ್ಟಾಫ್ ರೂಮಿಗೆ ಕರೆಸಿದೆ.

“ಏನಮ್ಮಾ ಇದು? ಗ್ರಾಮಸಭೆಗೂ ಹೋಗಿಲ್ಲ ಅಂತ ಬರ್ದಿದ್ದೀಯ. ನಿಮ್ಮ ದೊಡ್ಡಿಯ ಇನ್ನೂ ಆರು ಜನ ಹೌದು ಅಂತ ಹಾಕಿ, ಪಂಚಾಯಿತಿಯಿಂದ ಪತ್ರಾನೂ ತಂದಿದ್ದಾರೆ.”

“ಸಭೆ ಎಲ್ಲಿ ನಡೀತೈತೆ ಮಿಸ್? ಬುಕ್ಕು ಮನೆತಾಕೆ ಬತ್ತೈತೆ, ಎಲ್ರೂ ಸೈನ್ ಹಾಕ್ತಾರೆ. ನಾನು ಹಾಕಿಲ್ಲ.”

ಸಿಟ್ಟಿನಲ್ಲಿದ್ದವಳಿಗೆ ಆ ಮಾತು ತಲೆಗೆ ಇಳಿಯಲಿಲ್ಲ. ಹಾಜರಿ ಪುಸ್ತಕ ತೆಗೆದೆ. “ಮಾರ್ಚ್‌ನಲ್ಲಿ ಎರಡು ದಿನ ಕಾಲೇಜಿಗೂ ಬಂದಿಲ್ಲ. ಎಲ್ಲಿಗೆ ಹೋಗಿದ್ದೆ?”

“ಪಂಚಾಯ್ತಿತಾವ ಕೂತಿದ್ದೊ ಮಿಸ್. ಬೋರಿನ ಮೋಟ್ರು ಸುಟ್ಟೋಗಿ ಹತ್ತೊಂಬತ್ತು ದಿನ ಆಗಿತ್ತು. ನೀರು ಬುಡೋ ನೀರುಗಂಟಿನ ಕೇಳುದ್ರೆ ನಾಳೆ ನಾಳೆ ಅಂತಿದ್ದ. ನಮ್ಮಜ್ಜಿ ಕೆಂಚಮ್ಮ, ನಾನು, ದೊಡ್ಡಿ ಹೆಂಗಸ್ರೆಲ್ಲ ಸೇರಿ ಮೂವತ್ತೆರಡು ಜನ. ಖಾಲಿ ಬಿಂದಿಗೆ ಬಾಗ್ಲಿಗೆ ಅಡ್ಡ ಇಟ್ಕಂಡು ಕೂತ್ಬುಟ್ಟೊ. ಒಳಕ್ಕೆ ಯಾರ್ನೂ ಬುಡ್ನಿಲ್ಲ. ಎರಡ್ನೇ ದಿನ ಸಂಜೆಗೆ ಹೊಸ ಮೋಟ್ರು ಬಂತು.”

“ಮತ್ತೆ ಪ್ರತಿಭಟನೆ ಅನ್ನೋ ಕಡೆ ಇಲ್ಲ ಅಂತ ಬರ್ದಿದ್ದೀಯಲ್ಲೇ.”

ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. “ಅದು ಪ್ರತಿಭಟನೆ ಅಲ್ಲ ಮಿಸ್. ನಾವು ನೀರಿಗೋಗಿದ್ದು.”

ಫಾರ್ಮ್ ಹಿಡಿದುಕೊಂಡು ಸೀದಾ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದೆ. ನಡೆದದ್ದೆಲ್ಲ ಹೇಳಿದೆ. ಚನ್ನಲಿಂಗಪ್ಪನವರು ಕೆಟ್ಟವರಲ್ಲ. ತಾಳ್ಮೆಯಿಂದ ಕೇಳಿ, “ಫೋಟೊ ಇದೆಯಾ ಮೇಡಂ?” ಅಂದರು.

“ಬಿಂದಿಗೆ ಹಿಡಿದು ಕೂತವರು ಫೋಟೊ ತೆಗೆಸ್ಕೋತಾರಾ ಸಾರ್?”

“ಯಾವ ಸಂಘಟನೆ?”

“ಬಾಯಾರಿದವರ ಸಂಘಟನೆ.”

“ಕೂಗಾಡಬೇಡಿ, ಕೂತ್ಕೊಳ್ಳಿ. ಪುರಾವೆ ಇಲ್ಲದೆ ನಾನು ಅಂಕ ಕೊಟ್ರೆ ನಾಳೆ ತಂಡದವರು ನನ್ನನ್ನ ಕೇಳ್ತಾರೆ. ಆ ಹುಡುಗಿ ಹೋಗಿ ಪಂಚಾಯಿತಿ ಬುಕ್ಕಿಗೆ ಸೈನ್ ಹಾಕಿ, ಸಭೆಗೆ ಬಂದಿದ್ದಳು ಅಂತ ಪತ್ರ ತರ್ಲಿ. ಮೂರು, ಎಂಟು, ಹನ್ನೊಂದು. ಪಾಸಾಗ್ತಾಳೆ. ಒಂದು ಸೈನ್ ತಾನೆ?”

ಬಾಯಿಗೆ ಬಂದಂತೆ ಬೈದು ಹೊರಗೆ ಬಂದೆ. ಆದರೆ ಸೋಮವಾರ ಅಂಕಪಟ್ಟಿ ಹೋಗಬೇಕಿತ್ತು. ರಾತ್ರಿಯೆಲ್ಲ ಯೋಚನೆ ಮಾಡಿದ ಮೇಲೆ ನನಗೂ ಬೇರೆ ದಾರಿ ಹೊಳೆಯಲಿಲ್ಲ. ಶನಿವಾರ ಬೆಳಿಗ್ಗೆ ದೊಡ್ಡಿಗೆ ಹೋಗಿ ರಮ್ಯಾಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡೆ. ಅವಳು ಒಲ್ಲೆ ಅಂದಳು. ದಾರಿಯುದ್ದಕ್ಕೂ ನಾನೇ ಪುಸಲಾಯಿಸಿದೆ. ಒಂದು ಸೈನ್ ತಾನೆ ಅಂದೆ. ನೀನು ಪಿಡಿಒ ಆದ ಮೇಲೆ ಎಲ್ಲಾ ಸರಿಮಾಡುವೆಯಂತೆ ಅಂದೆ. ಆ ಮಾತು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತೆ.

ಪಂಚಾಯಿತಿ ಆಫೀಸಿನಲ್ಲಿ ಬಿಲ್ ಕಲೆಕ್ಟರ್ ಮುನಿಕೃಷ್ಣ ಒಬ್ಬನೇ ಇದ್ದ. ಬಹಳ ಮರ್ಯಾದಸ್ಥ. ಕುರ್ಚಿ ಒರೆಸಿಕೊಟ್ಟು, “ಅದಕ್ಕೇನಂತೆ ಮೇಡಮ್ಮೋರೆ, ಕೊನೇಲಿ ಒಸಿ ಜಾಗ ಬುಟ್ಟೇ ಇರ್ತೀವಿ” ಎಂದು ಗ್ರಾಮಸಭೆಯ ಬುಕ್ಕು ಬಿಚ್ಚಿ ರಮ್ಯಾಳ ಮುಂದಿಟ್ಟು ಪೆನ್ನು ಕೊಟ್ಟ.

ಅವಳು ಪೆನ್ನು ಹಿಡಿದಳು, ಸಹಿ ಹಾಕಲಿಲ್ಲ. ಹಾಳೆ ಹಿಂದಕ್ಕೆ ತಿರುವಿ ಮೊದಲಿಂದ ಓದತೊಡಗಿದಳು. ಮುನಿಕೃಷ್ಣ, “ಓದಾದೇನೈತವ್ವ ಅದ್ರಲ್ಲಿ” ಅಂದ. ಅವಳು ಜೋರಾಗಿಯೇ ಓದಿದಳು.

“ದಿನಾಂಕ ಮಾರ್ಚ್ ಹನ್ನೆರಡು. ದೊಡ್ಡಿಗೆ ನಿರಂತರವಾಗಿ ಕುಡಿಯುವ ನೀರು ಸರಬರಾಜಾಗುತ್ತಿರುವ ಬಗ್ಗೆ ಸಭೆಯು ತೃಪ್ತಿ ವ್ಯಕ್ತಪಡಿಸಿ ಸರ್ವಾನುಮತದಿಂದ ಅಂಗೀಕರಿಸಿತು.” ತಲೆ ಎತ್ತಿದಳು. “ಅವತ್ತಿಗೆ ನೀರು ನಿಂತೋಗಿ ಒಂಬತ್ತು ದಿನ ಮಿಸ್.”

ನಾನು ಮುನಿಕೃಷ್ಣನ ಕಡೆ ತಿರುಗಿ, ಏನಯ್ಯ ಇದು, ಯಾವ ಕೈಯಲ್ಲಿ ಬರೆದಿರಿ ಇದನ್ನ ಎಂದು ಶುರುಮಾಡಿದೆ. ಕಿಟಕಿಯ ಆಚೆ ಹೋಗುವವರು ನಿಂತು ನೋಡುವಷ್ಟು ಜೋರಾಗಿತ್ತು ನನ್ನ ದನಿ. ಅಷ್ಟರಲ್ಲಿ ರಮ್ಯಾ ಸಣ್ಣಗೆ ಕರೆದಳು.

“ಮಿಸ್. ಇದು ನಿಮ್ಮ ಸೈನ್ ಅಲ್ವಾ?”

ಬೆರಳಿಟ್ಟು ತೋರಿಸಿದಳು. ನಿರ್ಣಯದ ಕೆಳಗೆ ನಾಲ್ಕನೇ ಹೆಸರು ನನ್ನದು. ಗಿರಿಜಾಂಬ, ಉದ್ದ ಬಾಲದ ಸಹಿ, ನನ್ನ ತರಗತಿಯ ಅಷ್ಟೂ ಮಕ್ಕಳ ಆಂತರಿಕ ಅಂಕಪಟ್ಟಿಯ ಮೇಲಿರುವ ಸಹಿ.

ವರ್ಷಕ್ಕೆ ಎರಡು ಸಲ ಮುನಿಕೃಷ್ಣ ಈ ಬುಕ್ಕು ಹಿಡಿದು ನಮ್ಮ ಮನೆಗೆ ಬರುತ್ತಾನೆ. ಅಮ್ಮ ಕಾಫಿ ಕೊಡುತ್ತಾರೆ. ನಾನು ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ಒಂದು ಕೈಯಲ್ಲಿ ಜಡೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಸಹಿ ಹಾಕುತ್ತೇನೆ. ಹೋಗಿ ಅದೇ ದಿನ ತರಗತಿಯಲ್ಲಿ ಪಂಚಾಯತ್ ರಾಜ್ ಪಾಠ ಮಾಡಿರುತ್ತೇನೆ. ಗ್ರಾಮಸಭೆ ಎಂದರೆ ಪ್ರಜಾಪ್ರಭುತ್ವದ ತಾಯಿಬೇರು ಎಂದು ನೋಟ್ಸ್ ಬರೆಸಿರುತ್ತೇನೆ. ನನ್ನ ಇಪ್ಪತ್ತೊಂದರಲ್ಲಿ ಎಂಟು ಅಲ್ಲಿಂದಲೇ ಬಂದದ್ದು. ರಮ್ಯಾ ಬಿಂದಿಗೆ ಹಿಡಿದು ನೀರು ಹುಡುಕುತ್ತಿದ್ದಾಗ, ಅವಳಿಗೆ ನೀರು ಬರುತ್ತಿದೆ ಎಂದು ಬರೆದುಕೊಟ್ಟವರಲ್ಲಿ ನಾನೂ ಒಬ್ಬಳು.

ಅವಳು ಪೆನ್ನು ಬುಕ್ಕಿನ ಮೇಲೆ ಇಟ್ಟಳು. “ನಾನು ಹಾಕಕ್ಕಿಲ್ಲ ಮಿಸ್. ಫೇಲಾದ್ರೆ ಆಗ್ಲಿ.” ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಪೆನ್ನು ನಾನು ಎತ್ತಿಕೊಂಡೆ. ನನ್ನ ಸಹಿಯ ಮೇಲೆ ಎರಡು ಗೆರೆ ಎಳೆದು ಪಕ್ಕದಲ್ಲಿ ಬರೆದೆ: ನಾನು ಈ ಸಭೆಗೆ ಬಂದಿಲ್ಲ. ಇಂಥ ಸಭೆ ನಡೆದದ್ದೂ ಗೊತ್ತಿಲ್ಲ. ಓದದೆ ಸಹಿ ಹಾಕಿದ್ದು ನನ್ನ ತಪ್ಪು.

“ಅಯ್ಯೋ, ದಾಖಲೆ ಕಣ್ರೀ ಮೇಡಮ್ಮೋರೆ, ಗೀಚಬಾರ್ದು,” ಮುನಿಕೃಷ್ಣ ಬುಕ್ಕು ಎಳೆದುಕೊಂಡ.

“ಅವತ್ತು ಗೀಚಿದ್ದು ಕಣಯ್ಯ. ಇವತ್ತು ಬರೆದಿದ್ದು.”

ಸೋಮವಾರ ಅಂಕಪಟ್ಟಿ ತುಂಬಿದೆ. ಗ್ರಾಮಸಭೆಯ ಎದುರು ರಮ್ಯಾಗೆ ಎಂಟಕ್ಕೆ ಎಂಟು. ಪುರಾವೆಯ ಕಾಲಮಿನಲ್ಲಿ ಜಾಗ ಸಾಲದೆ ಹಾಳೆಯ ಅಂಚಿನವರೆಗೂ ಬರೆದೆ: ಪಂಚಾಯಿತಿಯ ಬಾಗಿಲಲ್ಲಿ ಎರಡು ದಿನ ಸಭೆ ನಡೆದಿದೆ. ಹಾಜರಿ ಮೂವತ್ತೆರಡು. ಚರ್ಚೆಯ ವಿಷಯ ನೀರು. ನಿರ್ಣಯ ಜಾರಿಯಾಗಿದೆ, ಅನುಮಾನವಿದ್ದವರು ದೊಡ್ಡಿಗೆ ಹೋಗಿ ನಲ್ಲಿ ತಿರುಗಿಸಿ ನೋಡುವುದು. ಆಮೇಲೆ ಉಪನ್ಯಾಸಕರ ಪಟ್ಟಿ ತೆಗೆದು ನನ್ನ ಇಪ್ಪತ್ತೊಂದನ್ನು ಹೊಡೆದು ಹದಿಮೂರು ಮಾಡಿದೆ. ಸಹಿ ಹಾಕಿ ಪತ್ರ ತಂದಿದ್ದ ಆ ಆರು ಮಕ್ಕಳ ಅಂಕ ಮುಟ್ಟಲಿಲ್ಲ. ಅವರಿಗೆ ಪಾಠ ಮಾಡಿದವಳೇ ಹಾಗಿದ್ದಳು.

ಚನ್ನಲಿಂಗಪ್ಪನವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

“ಇದನ್ನ ನಾನು ತಂಡದವರಿಗೆ ಹೇಗೆ ತೋರಿಸ್ಲಿ ಮೇಡಂ?”

“ಹಾಗೇ ತೋರ್ಸಿ ಸಾರ್. ಬೇಕಾದ್ರೆ ಅವರನ್ನ ದೊಡ್ಡಿಗೆ ನಾನೇ ಕರ್ಕೊಂಡು ಹೋಗ್ತೀನಿ.”

“ಮುಂದಿನ ವರ್ಷದ ಅತಿಥಿಗಳ ಪಟ್ಟಿ ಇನ್ನೂ ಆಗಿಲ್ಲ, ಗೊತ್ತಲ್ಲ?”

“ಗೊತ್ತು.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಪಟ್ಟಿಯನ್ನು ನನ್ನ ಕಡೆ ತಳ್ಳಿದರು. “ಮೊದಲು ನೀವು ಸೈನ್ ಹಾಕಿ. ನಾಳೆ ಯಾರಾದ್ರೂ ಕೇಳಿದ್ರೆ ನಿಮ್ಮ ತಲೆಗೇ ಬರ್ಲಿ. ಕೆಳಗೆ ನಾನು ಹಾಕ್ತೀನಿ.”

ನಾನು ಪೆನ್ನು ತೆಗೆದೆ. ಮೇಲಿನ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೊಂದೇ ಹೆಸರು ಓದಿದೆ. ಬೇಗ ಹಾಕಿ ಮೇಡಂ ಅಂದರು. ಓದಿ ಮುಗಿಸಿದ ಮೇಲೆ ಹಾಕಿದೆ.