ಅಲುಗದ ಚಿತ್ರ

"ಅಣ್ಣ, ಉಗುಳು ನುಂಗ್ಬೇಡ ಅಂದಿದ್ನಲ್ಲ?"

ಗಾಜಿನ ಈಚೆಯಿಂದ ತಂಗಿ ಮೈಕಿನಲ್ಲಿ ಗದರಿದಳು. ಎಂಆರ್‌ಐ ಯಂತ್ರ ನಡೆಸುವುದು ಅವಳ ಕೆಲಸ. ಇವತ್ತು ಅದರ ಸುರಂಗದೊಳಗೆ ಮಲಗಿದ್ದವನು ಅವಳ ಒಡಹುಟ್ಟಿದವನೇ. ಆ ವಾರ ಅವನ ಎಡಗಣ್ಣು ಎರಡು ಸಲ ಇದ್ದಕ್ಕಿದ್ದಂತೆ ಕತ್ತಲಾಗಿ ಮತ್ತೆ ತಿಳಿಯಾಗಿತ್ತು. ಮಿದುಳಿಗೆ ರಕ್ತ ಒಯ್ಯುವ ಕತ್ತಿನ ನಾಳ ಕಟ್ಟಿಕೊಳ್ಳುತ್ತಿರಬಹುದು, ತಡ ಮಾಡಬೇಡಿ ಎಂದು ವೈದ್ಯರು ಕಳಿಸಿದ್ದರು. ಅವನೋ, ಕಣ್ಣು ಹೊಡೆಯುವ ವಯಸ್ಸು ದಾಟಿತಲ್ಲ, ಅದಕ್ಕೇ ಒಂದು ಕಣ್ಣು ರಜೆ ಹಾಕಿದೆ ಎಂದು ನಗಾಡಿಕೊಂಡೇ ಬಂದಿದ್ದ.

ಚಿತ್ರ ಮಾತ್ರ ಹದಕ್ಕೆ ಬರಲಿಲ್ಲ. ಮಹಾನುಭಾವ ಹುಟ್ಟಿದಾಗಿನಿಂದ ಒಂದು ಕಡೆ ಸುಮ್ಮನಿದ್ದವನಲ್ಲ. ಅವನು ನುಂಗಿದಾಗಲೆಲ್ಲ ಕತ್ತು ಅಲುಗಿ, ನಾಳದ ಪಕ್ಕ ಅದರದೇ ನೆರಳುಗಳು ಸಾಲಾಗಿ ಮೂಡಿ ನಾಳವನ್ನೇ ಮುಚ್ಚಿಬಿಡುತ್ತಿದ್ದವು. ತಲೆಯ ಎರಡೂ ಬದಿಗೆ ಸ್ಪಂಜು ತುರುಕಿದಳು. ಅಲುಗಿದ ಕ್ಷಣಗಳನ್ನು ಬಿಟ್ಟು ಉಳಿದದ್ದನ್ನಷ್ಟೇ ಜೋಡಿಸುವಂತೆ ಯಂತ್ರವನ್ನು ಹೊಂದಿಸಿದಳು. ಆದರೂ ಮಸುಕು. ನಡುವೆ ಅವನು, ತುರ್ತಾದರೆ ಒತ್ತಿ ಕರೆಯಲೆಂದು ಅವಳು ಕೈಗೆ ಕೊಟ್ಟಿದ್ದ ರಬ್ಬರ್ ಉಂಡೆಯನ್ನು ತಮಾಷೆಗೆ ಒತ್ತಿ ಗಂಟೆ ಬಾರಿಸಿದಾಗ ಅವಳಿಗೆ ರೇಗಿಹೋಯಿತು.

ಒಳಗೆ ಹೋಗಿ ಉಂಡೆಯನ್ನು ಅವನ ಬಲಗೈಯಲ್ಲಿ ಸರಿಯಾಗಿಟ್ಟಳು. "ಇನ್ನೊಂದೇ ಸಲ. ಕಲ್ಲಿನ ಹಾಗೆ ಬಿದ್ದಿರು. ಸುಮ್ಸುಮ್ನೆ ಇದನ್ನ ಒತ್ತಿದ್ರೆ ನೋಡು."

"ಬಾಯಿಗೆ ಬೀಗ ಹಾಕ್ದೆ ಕಣೇ ಪುಟ್ಟಿ," ಅಂದ.

ಯಂತ್ರ ಬಡಿದು ಬಡಿದು ನಿಂತಿತು. ಚಿತ್ರ ಮೂಡಿದ್ದೇ ತಡ, ಅವಳು ಖುಷಿಗೆ ಕುರ್ಚಿಯಿಂದ ಎದ್ದೇಬಿಟ್ಟಳು. ಒಂದು ನೆರಳಿಲ್ಲ, ಒಂದು ಗೆರೆ ಕದಡಿಲ್ಲ. ಇಷ್ಟು ಚೊಕ್ಕ ಚಿತ್ರ ಈಚೆಗೆ ಯಾರದ್ದೂ ಬಂದಿರಲಿಲ್ಲ.

"ಭೇಷ್ ಅಣ್ಣ. ಮನಸ್ಸು ಮಾಡಿದ್ರೆ ನಿಂಗೂ ಬರುತ್ತೆ."

ಉತ್ತರವಿಲ್ಲ. ಬೀಗ ಹಾಕಿದ ಆಟ ಇನ್ನೂ ಮುಗಿದಿಲ್ಲವೆಂದುಕೊಂಡು ನಕ್ಕಳು. ಆಮೇಲೆ ನಾಳಗಳನ್ನು ನೋಡಿದಳು. ಬಲಗಡೆಯದು ಎದೆಯಿಂದ ತಲೆಯವರೆಗೆ ಅಡೆತಡೆಯಿಲ್ಲದೆ ಸಾಗಿತ್ತು. ಎಡಗಡೆಯದು ದವಡೆಯ ಕೆಳಗೇ ನಿಂತುಹೋಗಿತ್ತು. ಮಿದುಳಿನ ಎಡಭಾಗಕ್ಕೆ ರಕ್ತ ನಿಂತರೆ ಬಲಮೈ, ಮಾತು ಎರಡೂ ಹೋಗುತ್ತವೆಂದು ಅವಳಿಗೆ ಗೊತ್ತಿತ್ತು.

ವೈದ್ಯರನ್ನು ಕೂಗುತ್ತಲೇ ಒಳಗೆ ಓಡಿ ಮಂಚವನ್ನು ಹೊರಗೆಳೆದಳು. ಮುಖದ ಮೇಲೆ ಕವಿಚಿದ್ದ ಯಂತ್ರದ ಪಂಜರ ತೆಗೆದಳು. ಅವನ ಕಣ್ಣು ತೆರೆದೇ ಇದ್ದವು, ಅವಳನ್ನೇ ನೋಡುತ್ತಿದ್ದವು. ಬಾಯಿ ಬಲಗಡೆ ಜೋತುಬಿದ್ದು, ನುಂಗದ ಉಗುಳು ಕಿವಿಯವರೆಗೆ ಇಳಿದಿತ್ತು.

"ಮಾತಾಡು ಅಣ್ಣ. ಏನಾದ್ರೂ ಮಾತಾಡು."

ಅವನ ಎಡಗೈ ಹೊಟ್ಟೆಯ ಮೇಲೆ ಮೆಲ್ಲನೆ ತೆವಳಿತು. ನಿತ್ರಾಣವಾಗಿ ಬಿಚ್ಚಿಬಿದ್ದಿದ್ದ ಬಲ ಅಂಗೈಯಲ್ಲಿ ಉಂಡೆಯನ್ನು ತಡಕಿ, ಒತ್ತಿ ಹಿಡಿಯಿತು. ಗಾಜಿನ ಆಚೆ, ಯಾರೂ ಇಲ್ಲದ ಕೋಣೆಯಲ್ಲಿ, ಗಂಟೆ ಹೊಡೆಯತೊಡಗಿತು.