ಹತ್ತಕ್ಕೆ ಹತ್ತು

ಬೆಳಗಿನಿಂದ ಬುರುಲ್‌ಗೆ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಅಂಗಳಕ್ಕೆ ಎರಡು ಸಲ ನೀರು ಚಿಮುಕಿಸಿ ಗುಡಿಸಿದ್ದಾಯಿತು, ಚಹಾ ಕಾಯಿಸುವ ಸಮೋವರ್‌ನ ಹಿತ್ತಾಳೆಯಲ್ಲಿ ಮುಖ ಕಾಣುವ ಹಾಗೆ ಉಜ್ಜಿದ್ದಾಯಿತು, ಒಂದು ಬಾಣಲೆ ಹಿಟ್ಟಿನ ಬೊರ್ಸೋಕ್ ಕರಿದದ್ದು ಸಾಲದು ಎನ್ನಿಸಿ ಇನ್ನೊಂದು ಬಾಣಲೆಯೂ ಆಯಿತು. ನಿಜ ಹೇಳಬೇಕೆಂದರೆ ಗುಡಿಸಿದ್ದು, ಉಜ್ಜಿದ್ದು, ಕರಿದದ್ದು ಎಲ್ಲ ಸೊಸೆ ನಾಜಿಕ್. ಬುರುಲ್ ಪಕ್ಕದಲ್ಲಿ ನಿಂತು ಹೇಳಿದ್ದಳು, ಅಷ್ಟೆ. ಆದರೆ ಕಿಜಿಲ್ಬೆಲ್ ಊರಿನಲ್ಲಿ ಸೊಸೆ ಮಾಡಿದ ಕೆಲಸ ಅತ್ತೆಯ ಲೆಕ್ಕಕ್ಕೇ ಬರುತ್ತದೆ.

"ಏ ಮುದುಕಿ, ಬರ್ತಿರೋದು ಡಾಕ್ಟ್ರಮ್ಮನೋ ಮದುವೆ ದಿಬ್ಬಣಾನೋ?" ಕುದುರೆಯ ಗೊರಸು ಕೆರೆಯುತ್ತಿದ್ದ ಗಂಡ ತೊಕ್ತೋಸುನ್ ಅಂಗಳದಿಂದ ಕೂಗಿದ.

"ದಿಬ್ಬಣ ವರ್ಷಕ್ಕೆ ಹತ್ತು ಬರ್ತಾವೆ. ಇವಳು ಬರೋದು ಹನ್ನೆರಡು ವರ್ಷಕ್ಕೆ ಒಂದ್ಸಲ. ನೀನು ಮೊದಲು ಆ ಟೋಪಿ ಬದಲಾಯಿಸು, ಕುರಿ ನಾತ ಹೊಡೀತಿದೆ."

ಈ ಊರಿನಲ್ಲಿ ವಯಸ್ಸನ್ನು ಹನ್ನೆರಡರ ಸುತ್ತಿನಲ್ಲಿ ಎಣಿಸುತ್ತಾರೆ. ತಾಯಿಯ ಹೊಟ್ಟೆಯಲ್ಲಿದ್ದ ವರ್ಷವನ್ನೂ ಸೇರಿಸಿಕೊಂಡು ಹದಿಮೂರು, ಇಪ್ಪತ್ತೈದು, ಮೂವತ್ತೇಳು, ನಲವತ್ತೊಂಬತ್ತು, ಅರವತ್ತೊಂದು. ಹನ್ನೆರಡು ವರ್ಷಗಳಿಗೆ ಹನ್ನೆರಡು ಪ್ರಾಣಿಗಳ ಹೆಸರು; ಹುಟ್ಟಿದ ವರ್ಷದ ಪ್ರಾಣಿ ಮತ್ತೆ ಬಂದಾಗ ಬಾಳು ಒಂದು ತಿರುವು ತೆಗೆದುಕೊಳ್ಳುತ್ತದಂತೆ. ಅದಕ್ಕೆ ಮುಚೋಲ್ ಎನ್ನುತ್ತಾರೆ. ಅದು ಕಂಟಕದ ವರ್ಷ. ತನಗೆ ತೀರ ಪ್ರಿಯವಾದ ಒಂದು ವಸ್ತುವನ್ನು ಇನ್ನೊಬ್ಬರಿಗೆ ಕೊಟ್ಟುಬಿಟ್ಟರೆ ಕಂಟಕವೂ ಅದರ ಜೊತೆ ಹೋಗುತ್ತದೆ ಎಂದು ನಂಬಿಕೆ. ಬುರುಲ್ ಹುಲಿ ವರ್ಷದವಳು, ಈಗ ಅರವತ್ತೊಂದರ ಮುಚೋಲ್. ಕೊಡುವುದಕ್ಕೆಂದು ಮೊಣಕೈ ಸವೆದ ಒಂದು ಮಖಮಲ್ ಕೋಟನ್ನು ತೆಗೆದಿಟ್ಟಿದ್ದಳು. ಅದು ಅವಳಿಗೆ ಅಷ್ಟೇನೂ ಪ್ರಿಯವಲ್ಲವೆಂದು ಇಡೀ ಊರಿಗೆ ಗೊತ್ತಿತ್ತು.

ಸೋವಿಯತ್ ಕಾಲದಲ್ಲಿ ರಾಜಧಾನಿಯಿಂದ ಬಂದ ಒಬ್ಬ ವಿದ್ವಾಂಸೆಗೆ ಈ ಎಣಿಕೆ ಬಹಳ ಹಿಡಿಸಿತಂತೆ. ಮನುಷ್ಯ ಎಳೆತನದಿಂದ ಮುಪ್ಪಿನ ತನಕ ಹೇಗೆ ಬದಲಾಗುತ್ತಾ ಹೋಗುತ್ತಾನೆ, ಯಾವ ವಯಸ್ಸಿನಲ್ಲಿ ಅರಳುತ್ತಾನೆ, ಯಾವಾಗ ಬಾಡುತ್ತಾನೆ ಎಂದು ತಿಳಿಯಬೇಕಾದರೆ ಅದೇ ಜನರನ್ನು ಮತ್ತೆ ಮತ್ತೆ ಕೇಳಬೇಕಲ್ಲವೇ? ಆಕೆ ಬುರುಲ್ ಸೇರಿದಂತೆ ಹದಿಮೂರರ ಹುಲಿ ವರ್ಷದ ಹುಡುಗಿಯರನ್ನು ಸಾಲಾಗಿ ಕೂರಿಸಿ ಪ್ರಶ್ನೆ ಕೇಳಿದಳು. ಹನ್ನೆರಡು ವರ್ಷ ಬಿಟ್ಟು ಬಂದು ಅವರನ್ನೂ ಕೇಳಿದಳು, ಹೊಸ ಹದಿಮೂರರವರನ್ನೂ ಕೇಳಿದಳು. ಹಾಗೆಯೇ ನಡೆದು ಬಂತು. ಈಗ ಆಕೆ ಇಲ್ಲ, ಶಿಷ್ಯೆ ಚಿನಾರಾ ಬರುತ್ತಾಳೆ, ಊರಿನವರಿಗೆ ಅವಳೂ ಡಾಕ್ಟ್ರಮ್ಮನೇ. ತನ್ನ ಬಾಳು ಪಟ್ಟಣದ ಕಪಾಟಿನಲ್ಲಿ ಹಾಳೆಗಳಾಗಿ ಕೂತಿದೆ ಎಂದು ನೆನೆದಾಗಲೆಲ್ಲ ಬುರುಲ್‌ಗೆ ಒಂದು ಗತ್ತು ಬರುತ್ತಿತ್ತು.

ಈ ಸಲದ ಗತ್ತಿಗೆ ಇನ್ನೊಂದು ಕಾರಣವಿತ್ತು. ಸೊಸೆ ನಾಜಿಕ್ ಕೂಡ ಹುಲಿ ವರ್ಷದವಳೇ, ಅವಳಿಗೆ ಇಪ್ಪತ್ತೈದು. ಬೇರೆ ಊರಿಂದ ಸೊಸೆಯಾಗಿ ಬಂದವರೂ ಲೆಕ್ಕಕ್ಕೆ ಸೇರುತ್ತಾರೆ. ಒಂದೇ ಮನೆಯಲ್ಲಿ ಎರಡು ಹುಲಿ! ಒಂದು ಮಾತಾಡುವ ಹುಲಿ, ಇನ್ನೊಂದು ಚಹಾ ಬಗ್ಗಿಸುವ ಹುಲಿ.

ಮಧ್ಯಾಹ್ನಕ್ಕೆ ಸರಿಯಾಗಿ ಧೂಳೆಬ್ಬಿಸಿಕೊಂಡು ಜೀಪು ಬಂತು. ನಲವತ್ತೈದರ ಚಿನಾರಾ ಕೈತುಂಬ ಹಾಳೆಗಳ ಕಟ್ಟು ಹಿಡಿದು ಇಳಿದಳು. ಅಪ್ಪುಗೆ, ಯೋಗಕ್ಷೇಮ, ಮೂರು ವರ್ಷದ ಮೊಮ್ಮಗಳ ಕೆನ್ನೆ ಹಿಂಡುವುದು ಎಲ್ಲ ಮುಗಿದು ನೆಲಕ್ಕೆ ಹಾಸಿದ ಊಟದ ಬಟ್ಟೆಯ ಸುತ್ತ ಕೂತರು. ನಾಜಿಕ್ ಬಾಗಿಲ ಬಳಿ ಮೊಣಕಾಲೂರಿ ಚಿಕ್ಕ ಬಟ್ಟಲುಗಳಿಗೆ ಸ್ವಲ್ಪ ಸ್ವಲ್ಪವೇ ಚಹಾ ಬಗ್ಗಿಸುತ್ತಿದ್ದಳು.

"ಮೊದಲು ಚಿಕ್ಕವಳದ್ದು ಮುಗಿಸೋಣ," ಎಂದಳು ಚಿನಾರಾ. "ನಾಜಿಕ್, ಮನೆಯ ಹಿರಿಯರ ಹೆಸರು ಹೇಳಮ್ಮ."

ನಾಜಿಕ್ ತಲೆ ತಗ್ಗಿಸಿದಳು. ಸೊಸೆಯಾದವಳು ಅತ್ತೆ ಮಾವನ ಹೆಸರು ಬಾಯಿಂದ ಆಡುವುದುಂಟೇ! ಬುರುಲ್ ಹೆಮ್ಮೆಯಿಂದ ಮುಂದೆ ಸರಿದು, ಸೊಸೆಯ ಪಕ್ಕದಲ್ಲಿ ಕೂತು, ತಾನೇ ಹೇಳಿದಳು. "ತೊಕ್ತೋಸುನ್. ಬುರುಲ್. ಬರ್ಕೋ." ಹೀಗೆ ಕೂತವಳು ಏಳಲಿಲ್ಲ. ಏಳಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ.

"ನಿದ್ದೆ ಚೆನ್ನಾಗಿ ಬರುತ್ತಾ?"

"ಹೂಂ," ಎಂದಳು ನಾಜಿಕ್.

"ದಿಂಬಿಗೆ ತಲೆ ಕೊಟ್ರೆ ಮುಗೀತು," ಎಂದು ಬುರುಲ್ ಸೇರಿಸಿದಳು.

"ಮನಸ್ಸಿನಲ್ಲಿರೋದನ್ನ ಹೇಳ್ಕೊಳ್ಳೋಕೆ ಯಾರಾದ್ರೂ ಇದ್ದಾರಾ?"

"ನಾನಿಲ್ವಾ!" ಎಂದಳು ಬುರುಲ್.

"ಬಾಳಿನ ಬಗ್ಗೆ ಎಷ್ಟು ತೃಪ್ತಿ ಇದೆ? ಹತ್ತಕ್ಕೆ ಎಷ್ಟು?"

ನಾಜಿಕ್ ಬಟ್ಟಲಿನ ಅಂಚನ್ನೇ ನೋಡುತ್ತಾ, "ಹತ್ತು," ಎಂದಳು.

"ಕೇಳಿದ್ಯಾ?" ಬುರುಲ್ ಗಂಡನ ಕಡೆ ತಿರುಗಿದಳು. "ಶಾಲೆಯ ಹೆಡ್‌ಮಾಸ್ತರು ಮೂರು ಸಲ ಬಂದು ಹೋದ್ರು, ಡಾಕ್ಟ್ರಮ್ಮ. ಹೊಳೆಯಾಚೆ ಶಾಲೆಗೆ ಲೆಕ್ಕದ ಟೀಚರ್ ಬೇಕಂತೆ, ಇವಳು ಓದಿದವಳಲ್ವಾ. ಕಾಗದಾನೂ ಕೊಟ್ಟು ಹೋಗಿದ್ದಾರೆ, ಇವತ್ತೇ ಕೊನೇ ದಿನ, ನಾಳೆ ಬೇರೆಯವರ ಹೆಸರು ಕಳಿಸ್ತಾರಂತೆ. ಕಳಿಸ್ಲಿ ಬಿಡಿ ಅಂದೆ. ನಮ್ಮ ಸೊಸೆ ಮನೇಲೇ ಸುಖವಾಗಿದ್ದಾಳೆ."

ಕಾಗದ ಗೋಡೆಯ ಕನ್ನಡಿಯ ಹಿಂದೆ ಸಿಕ್ಕಿಸಿತ್ತು. ನಾಜಿಕ್ ಅತ್ತ ನೋಡಲಿಲ್ಲ. ಬಟ್ಟಲಿಗೆ ಚಹಾ ಬಗ್ಗಿಸಿದಳು, ಈ ಸಲ ಸ್ವಲ್ಪ ಹೆಚ್ಚೇ ಬಗ್ಗಿಸಿ ಬಟ್ಟೆಯ ಮೇಲೆ ಚೆಲ್ಲಿದಳು.

ಇನ್ನು ಬುರುಲ್‌ಳ ಸರದಿ. ಮೊದಲು ಹೊಸ ಉತ್ತರ, ಆಮೇಲೆ ಹಳೆಯ ಹಾಳೆ ತೋರಿಸುವುದು. ಅದು ಗುರುಗಳು ಹಾಕಿಕೊಟ್ಟ ನಿಯಮ. ಆದರೆ ಚಿನಾರಾಗೆ ತಡೆಯಲಾಗಲಿಲ್ಲ. ಮೂರು ವಾರದಿಂದ ಊರೂರು ಸುತ್ತಿ ಅವಳ ತಲೆಯಲ್ಲಿ ಒಂದೇ ಹುಳ ಕೊರೆಯುತ್ತಿತ್ತು.

"ಬುರುಲ್ ಅಕ್ಕ, ನಿಮಗೊಂದು ವಿಚಿತ್ರ ತೋರಿಸ್ತೀನಿ," ಎಂದು ಉದ್ದನೆಯ ಹಾಳೆಯೊಂದನ್ನು ಬೊರ್ಸೋಕಿನ ಮೇಲೆಯೇ ಹರಡಿದಳು. ಅದರ ಮೇಲೊಂದು ನೀಲಿ ಗೆರೆ, ಬೆಟ್ಟದ ಸಾಲಿನ ಹಾಗೆ. "ಇದು ಹೆಂಗಸರ ಸಂತೋಷ. ಹದಿಮೂರಕ್ಕೆ ಒಬ್ಬೊಬ್ಬರದು ಒಂದೊಂದು ಥರ, ಐದು, ಎಂಟು, ಆರು. ಇಪ್ಪತ್ತೈದಕ್ಕೆ ನೋಡಿ, ನೇರ ಶಿಖರ! ಎಲ್ಲರದೂ ಹತ್ತಕ್ಕೆ ಹತ್ತು. ಒಂದೇ ಒಂದು ಒಂಬತ್ತಿಲ್ಲ. ನಿಮ್ಮ ಕಾಲದವರದೂ ಹತ್ತು, ಆಮೇಲಿನವರದೂ ಹತ್ತು, ಈಗಿನವರದೂ ಹತ್ತು. ಮೂವತ್ತೇಳಕ್ಕೆ ಧಡಾರನೆ ನಾಲ್ಕಕ್ಕೆ ಬೀಳುತ್ತೆ. ಇಂಥದ್ದು ನಾನು ಎಲ್ಲೂ ನೋಡಿಲ್ಲ. ಇಪ್ಪತ್ತೈದರಲ್ಲಿ ಈ ಸೀಮೆಯ ಹೆಂಗಸರಿಗೆ ಅಂಥ ಸುಖ ಏನು ಸಿಗುತ್ತೆ, ಅಕ್ಕ?"

ಬುರುಲ್ ಗೆರೆಯನ್ನು ನೋಡಿದಳು. ಚಿನಾರಾಳನ್ನು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ತಲೆವಸ್ತ್ರ ಜಾರಿತು, ಕಣ್ಣಲ್ಲಿ ನೀರು ಬಂತು. ಮೊಮ್ಮಗಳೂ ಕಾರಣ ತಿಳಿಯದೆ ನಕ್ಕಳು.

"ಅಯ್ಯೋ ನನ್ನ ತಾಯೀ! ಇಷ್ಟು ಓದಿ ಇಷ್ಟೂ ಗೊತ್ತಾಗ್ಲಿಲ್ವಾ ನಿನಗೆ? ಅದು ನಮ್ಮ ಹತ್ತಲ್ಲ ಕಣೇ, ನಮ್ಮ ಅತ್ತೆಯಂದಿರ ಹತ್ತು!"

"ಅಂದ್ರೆ?"

"ಅಂದ್ರೆ ಏನು! ಮೊದಲನೇ ಪ್ರಶ್ನೆ ಮನೆ ಹಿರಿಯರ ಹೆಸರು. ಸೊಸೆ ಹೇಳೋ ಹಾಗಿಲ್ಲ. ಹೇಳೋಕೆ ಅತ್ತೆ ಬಂದು ಪಕ್ಕದಲ್ಲಿ ಕೂತ್ಕೊಳ್ತಾಳೆ. ಅವಳು ಕೂತ ಮೇಲೆ ಯಾವ ಸೊಸೆ ಒಂಬತ್ತು ಅಂತಾಳೆ? ಮೂವತ್ತೇಳಕ್ಕೆ ಬೇರೆ ಮನೆ ಮಾಡಿರ್ತೀವಿ, ಇಲ್ಲಾ ಅತ್ತೆ ಮಣ್ಣಿಗೆ ಹೋಗಿರ್ತಾಳೆ. ಅದು ಬಿದ್ದಿದ್ದಲ್ಲ, ಬಾಯಿ ಬಿಟ್ಟಿದ್ದು!"

ಚಿನಾರಾ ದಡಕ್ಕನೆ ಎದ್ದು ನಿಂತಳು. ಬಟ್ಟಲು ಉರುಳಿತು. "ಮೊದಲನೇ ಪ್ರಶ್ನೆ! ಅಕ್ಕ, ಮೊದಲನೇ ಪ್ರಶ್ನೆ! ಮೊದಲ ಇಪ್ಪತ್ತೈದರವರಿಂದ ಹಿಡಿದು ಮೂವತ್ತಾರು ವರ್ಷ ನಾವು..." ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ಕೋಣೆಯ ತುಂಬ ಓಡಾಡಿದಳು. ಕೊನೆಗೆ ಹಳೆಯ ಕಟ್ಟು ಬಿಚ್ಚಿ ಹಳದಿಗಟ್ಟಿದ ಹಾಳೆಯೊಂದನ್ನು ಎಳೆದು ಬುರುಲ್‌ಳ ತೊಡೆಯ ಮೇಲಿಟ್ಟಳು. "ಇದು ನಿಮ್ಮದು. ಇಪ್ಪತ್ತೈದರದ್ದು. ನಿಜ ಎಷ್ಟಿತ್ತು, ಅಕ್ಕ?"

ಬುರುಲ್ ಕನ್ನಡಕ ಏರಿಸಿ ಓದಿದಳು. ನಿದ್ದೆ ಚೆನ್ನಾಗಿದೆ. ಹಸಿವು ಚೆನ್ನಾಗಿದೆ. ತೃಪ್ತಿ ಹತ್ತಕ್ಕೆ ಹತ್ತು. ಕೆಳಗೆ ಅವಳದೇ ಸಹಿ, ಶಾಲೆ ಹುಡುಗಿಯ ಗುಂಡು ಅಕ್ಷರ. ನಗು ತುಟಿಯಲ್ಲೇ ನಿಂತಿತು.

"ಆ ವಸಂತದಲ್ಲಿ ನಮ್ಮಮ್ಮ ಹಾಸಿಗೆ ಹಿಡಿದಿದ್ಳು," ಎಂದಳು. "ತವರಿಂದ ಹೇಳಿ ಕಳಿಸಿದ್ರು. ಉಣ್ಣೆ ಕತ್ತರಿಸೋ ಕಾಲ, ಮನೆ ತುಂಬ ಆಳುಕಾಳು, ಅಡುಗೆ ಮಾಡೋರು ಯಾರು ಅಂದ್ರು ದೊಡ್ಡವರು, ನಮ್ಮತ್ತೆ. ನಾನು ಹೋಗೋ ಹೊತ್ತಿಗೆ ನಲವತ್ತನೇ ದಿನದ ತಿಥಿ ಊಟಾನೂ ಆಗಿಹೋಗಿತ್ತು. ಆಮೇಲೆ ಒಂದು ತಿಂಗಳಿಗೆ ನಿಮ್ಮ ಗುರುಗಳು ಬಂದ್ರು. ದೊಡ್ಡವರು ಇಲ್ಲೇ, ನಾನೀಗ ಕೂತಿದೀನಲ್ಲ..."

ತಾನು ಕೂತ ಜಾಗ ನೋಡಿಕೊಂಡಳು. ಪಕ್ಕದಲ್ಲಿ ನಾಜಿಕ್ ಚೆಲ್ಲಿದ ಚಹಾ ಒರೆಸುತ್ತಿದ್ದಳು. ಒಂದೇ ಜಾಗವನ್ನು ಒರೆಸುತ್ತಲೇ ಇದ್ದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಸೊಸೆಯ ಕಾಲ ಹೇಗಿತ್ತೆಂಬುದನ್ನು ಅತ್ತೆಯಾದ ಮೇಲೆ ತಾನೆಷ್ಟು ಸಲೀಸಾಗಿ ಮರೆತೆನಲ್ಲ ಎಂದು ಬುರುಲ್‌ಗೆ ನಾಚಿಕೆಯಾಯಿತು. ಹೆಡ್‌ಮಾಸ್ತರು ಬಂದ ಮೂರು ಸಲವೂ ಉತ್ತರ ಕೊಟ್ಟವಳು ತಾನೇ. ನಾಜಿಕ್‌ಳನ್ನು ಯಾರೂ ಕೇಳಿರಲಿಲ್ಲ.

"ಡಾಕ್ಟ್ರಮ್ಮ, ಆ ಸೊಸೆಯ ಹಾಳೆ ಹರಿದುಹಾಕು. ಹೊಸದು ತೆಗಿ."

"ಮತ್ಯಾಕೆ?" ತೊಕ್ತೋಸುನ್ ಗೊಣಗಿದ. "ಹತ್ತು ಅಂದ್ಳಲ್ಲ. ಇನ್ನೆಷ್ಟು ಸುಖ ಬೇಕು? ನಮ್ಮ ಮನೇಲಿ ಅವಳಿಗೆ ಏನು ಕಡಿಮೆ ಮಾಡಿದೀವಿ? ಹೊಡೆದ್ವಾ, ಬೈದ್ವಾ?"

"ಇಲ್ಲ. ಕೇಳ್ಲೂ ಇಲ್ಲ."

"ಹಿರಿಯರ ಎದುರು ಸೊಸೆ ದನಿ ಎತ್ತದೇ ಇರೋದು ಮರ್ಯಾದೆ ಕಣೇ. ನಮ್ಮಮ್ಮ ಹಾಗೇ ಬಾಳಿದ್ಳು, ನೀನೂ ಹಾಗೇ ಬಾಳಿದೆ. ಮನೆ ನಿಂತಿರೋದು ಅದರಿಂದ."

"ಮರ್ಯಾದೆ ಇರ್ಲಿ. ಅದಕ್ಕೇ ನಾವು ಹೊರಗೆ ಹೋಗೋಣ, ಎದುರಿಗೆ ಇಲ್ದಿದ್ರೆ ಮರ್ಯಾದೆ ಕೆಡಲ್ಲ. ಏಳು ಮುದುಕ."

ಚಿನಾರಾ ಆಗಲೇ ಕೆಂಪು ಪೆನ್ನು ತೆಗೆದು ಮೊದಲನೇ ಪ್ರಶ್ನೆಯ ಮೇಲೆ ಗೆರೆ ಎಳೆಯುತ್ತಿದ್ದಳು. ಬುರುಲ್ ಗಂಡನ ತೋಳು ಹಿಡಿದು ಹೊರಗೆ ಕರೆತಂದು, ಬಾಗಿಲು ಮುಂದೆ ಮಾಡಿ, ಕಾವಲಿನವಳ ಹಾಗೆ ಮೆಟ್ಟಿಲ ಮೇಲೆ ಕೂತಳು.

ಹೊತ್ತು ಸರಿಯಿತು. ತೊಕ್ತೋಸುನ್ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಳ ಸುತ್ತಿದ, ಮತ್ತೆ ಸುತ್ತಿದ. "ಅಷ್ಟು ಹೊತ್ತು ಏನಿರುತ್ತೆ ಮಾತು? ನಮ್ಮನ್ನ ಬೈತಿರ್ಬೇಕು."

"ಬೈಲಿ ಬಿಡು. ಅವಳು ಈ ಮನೆಗೆ ಬಂದ ನಾಲ್ಕು ವರ್ಷದ್ದು ಬಾಕಿ ಇದೆ."

ಹಾಗೆಂದರೂ ಬಾಗಿಲಿಗೆ ಕಿವಿ ಕೊಡೋಣ ಎನ್ನಿಸಿತು. ಎದ್ದಳು, ಮತ್ತೆ ಕೂತಳು. ಅಷ್ಟರಲ್ಲಿ ಒಳಗಿಂದ ಒಂದು ಹೆಣ್ಣುದನಿ ಜೋರಾಗಿ ಕೇಳಿತು. ಏನು ಹೇಳಿದ್ದೆಂದು ತಿಳಿಯಲಿಲ್ಲ. ಚಿನಾರಾಳದಲ್ಲ. ತುಂಬಿದ, ಸ್ಪಷ್ಟವಾದ, ತರಗತಿಯ ಕೊನೆಯ ಬೆಂಚಿಗೂ ಮುಟ್ಟುವಂಥ ದನಿ.

"ಯಾರದು?" ಎಂದ ತೊಕ್ತೋಸುನ್.

"ನಮ್ಮ ಸೊಸೇದು," ಎಂದಳು ಬುರುಲ್. ಹೇಳುವಾಗ ಅವಳಿಗೆ ಅಳು ಬಂತು, ಖುಷಿಯೂ ಆಯಿತು.

ಬಾಗಿಲು ತೆರೆಯಿತು. ಚಿನಾರಾಳ ಕೆನ್ನೆ ಕೆಂಪಾಗಿತ್ತು, ಕೈಯಲ್ಲಿ ಎರಡೂ ಬದಿ ತುಂಬಿದ ಹಾಳೆ.

"ಎಷ್ಟಂದ್ಳು?"

"ಅದು ಅವಳದ್ದು, ಅಕ್ಕ. ನಿಮಗೂ ಹೇಳೋ ಹಾಗಿಲ್ಲ."

ಬುರುಲ್ ಒಳಗೆ ಹೋದಳು. ನಾಜಿಕ್ ಎದ್ದು ನಿಂತಿದ್ದಳು. ಕಣ್ಣು ಊದಿತ್ತು, ಆದರೆ ತಲೆ ತಗ್ಗಿಸಿರಲಿಲ್ಲ.

"ಅವಳಿಗೆ ಹೇಳಿದ್ದೆಲ್ಲಾ ನಂಗೆ ಬೇಡ," ಎಂದಳು ಬುರುಲ್. "ನಂಗೆ ಹೇಳೋ ಅಂಥದ್ದು ಇದ್ರೆ ಒಂದೇ ಒಂದು ಹೇಳು. ನಾನು ಮಧ್ಯೆ ಬಾಯಿ ಹಾಕಲ್ಲ."

ನಾಜಿಕ್ ಕೈಯಲ್ಲಿದ್ದ ಒರೆಸುವ ಬಟ್ಟೆ ಕೆಳಗಿಟ್ಟಳು. "ಅತ್ತೆ... ಕನ್ನಡಿ ಹಿಂದಿನ ಕಾಗದ ನಂಗೆ ಬೇಕು."

ಬಾಯಿ ಹಾಕದೇ ಇರುವುದು ಬುರುಲ್‌ಗೆ ಎಷ್ಟು ಕಷ್ಟ ಎಂದು ಅವಳಿಗೇ ಗೊತ್ತು. ಮಗು ಯಾರು ನೋಡ್ತಾರೆ, ಹಸು ಯಾರು ಕರೀತಾರೆ, ಬೇಸಿಗೆ ಹುಲ್ಲುಗಾವಲಿನಲ್ಲಿ ಮಂದೆ ಕಾಯುತ್ತಿರುವ ಮಗ ಬಂದರೆ ಏನಂತಾನೆ, ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತವು. ಅವನ್ನೆಲ್ಲ ನುಂಗಿಕೊಂಡು ಕನ್ನಡಿಯ ಹಿಂದೆ ಕೈ ಹಾಕಿ ಕಾಗದ ತೆಗೆದುಕೊಟ್ಟಳು. ಆಮೇಲೆ ಮಣೆ ಹತ್ತಿ, ಗೋಡೆಯ ಮೇಲೆ ಎತ್ತರದಲ್ಲಿ ತೂಗಿಹಾಕಿದ್ದ ಬೆಳ್ಳಿ ಕುಸುರಿಯ ಜೀನನ್ನು ಇಳಿಸಿದಳು. ಅದು ಅವಳಮ್ಮ ಮದುವೆಯಲ್ಲಿ ಕೊಟ್ಟ ಜೀನು. ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ, ಧೂಳು ಒರೆಸುವುದಕ್ಕೂ.

"ಏ, ಮಖಮಲ್ ಕೋಟು ಅಂದಿದ್ದೆ!" ತೊಕ್ತೋಸುನ್ ಬಾಗಿಲಲ್ಲಿ ಬೆರಗಾಗಿ ನಿಂತ.

"ಕೋಟು ಕೊಟ್ರೆ ಕಂಟಕ ಹೋಗುತ್ತಾ? ಅದು ನನ್ನನ್ನೂ ನಿನ್ನನ್ನೂ ನೋಡಿ ನಗುತ್ತೆ." ಜೀನನ್ನು ನಾಜಿಕ್‌ಳ ತೋಳಿಗೆ ಹಾಕಿದಳು. "ಹೊಳೆಯಾಚೆ ಐದು ಮೈಲಿ, ನಡೆದ್ರೆ ಹೊತ್ತಾಗುತ್ತೆ. ಕಂದು ಕುದುರೆಗೆ ಇದನ್ನ ಬಿಗಿ. ಮಾಸ್ತರು ಮನೆಗೆ ಹೊರಡೋದ್ರೊಳಗೆ ಹೋಗು."

ತೊಕ್ತೋಸುನ್ ಹೆಂಡತಿಯ ಮುಖ ನೋಡಿದ. ಆಮೇಲೆ ಟೋಪಿ ಹಿಂದಕ್ಕೆ ತಳ್ಳಿ, "ಆ ಕುದುರೆ ಹೊಟ್ಟೆ ಉಬ್ಬಿಸಿ ಮೋಸ ಮಾಡುತ್ತೆ, ಪಟ್ಟಿ ನಾನೇ ಬಿಗೀತೀನಿ," ಎನ್ನುತ್ತ ಲಾಯದ ಕಡೆ ನಡೆದ.

ಐದೇ ನಿಮಿಷದಲ್ಲಿ ಕಂದು ಕುದುರೆ ಊರ ದಾರಿ ದಾಟಿ ಹೊಳೆಯ ಕಡೆ ಓಡಿತು. ಬೇಲಿಗಳ ಮೇಲಿಂದ ಊರೆಲ್ಲ ಇಣುಕಿತು. ಮೊಮ್ಮಗಳು ಚಪ್ಪಾಳೆ ತಟ್ಟಿ ಕೇಕೆ ಹಾಕಿದಳು. ಅರವತ್ತೊಂದರ ಬುರುಲ್ ಕೂಡ ಎರಡು ಬೆರಳು ಬಾಯಿಗಿಟ್ಟು ಒಂದು ಸಿಳ್ಳೆ ಹೊಡೆದಳು, ಹದಿಮೂರರಲ್ಲಿ ಹೊಡೆಯುತ್ತಿದ್ದ ಹಾಗೆ.

"ನಿಮ್ಮದು ಇನ್ನೂ ಬರ್ದಿಲ್ಲ, ಅಕ್ಕ," ಎಂದಳು ಚಿನಾರಾ ನಗುತ್ತ. "ಹತ್ತಕ್ಕೆ ಎಷ್ಟು?"

"ಎಂಟು ಬರ್ಕೋ."

"ಆ ಎರಡು ಯಾಕೆ ಕಮ್ಮಿ?"

ಬುರುಲ್ ಹೊಳೆಯ ಕಡೆ ನೋಡುತ್ತಲೇ ಇದ್ದಳು. "ಒಂದು, ನಮ್ಮಮ್ಮನ ಮುಖ ನೋಡದೇ ಹೋದದ್ದಕ್ಕೆ. ಇನ್ನೊಂದು, ಸೊಸೆ ದನಿ ಹ್ಯಾಗಿದೆ ಅಂತ ನಾಲ್ಕು ವರ್ಷ ಗೊತ್ತಿಲ್ದೇ ಇದ್ದದ್ದಕ್ಕೆ."

ಚಿನಾರಾ ಬರೆದುಕೊಂಡಳು. ಇಬ್ಬರೂ ಒಳಗೆ ಬಂದರು. ಸಮೋವರ್ ಇನ್ನೂ ಬಿಸಿಯಾಗಿತ್ತು. ಬುರುಲ್ ಬಾಗಿಲ ಬಳಿ, ಸೊಸೆಯ ಜಾಗದಲ್ಲಿ, ಮೊಣಕಾಲೂರಿ ಕೂತು ತಾನೇ ಚಹಾ ಬಗ್ಗಿಸಿದಳು.