ಮಾಫಿ ಮನೆ

"ತಡೀರಿ, ಬಲಕ್ಕ ವಾಲಾಕತ್ತದ" ಎಂದು ಯಾರೋ ಕೂಗುವಷ್ಟರಲ್ಲಿ, ಹೊರಗೆ ಬರುತ್ತಿದ್ದ ಹೆಗಲ ಮೇಲಿನ ಚಟ್ಟ ಬಾಗಿಲ ಮೇಲಿನ ತಗಡಿಗೆ ಬಡಿದು ಠಣ್ ಎಂದಿತು. ತಗಡಿನ ಮೇಲೆ ನೀಲಿ ಅಕ್ಷರ: 'ಸಾರ್ವಜನಿಕ ಬುದ್ಧ ವಿಹಾರ'.

"ಸತ್ತ ಮ್ಯಾಗೂ ಬೋರ್ಡ್ ಬಿಡವಲ್ಲ ನಮ್ ಮಾಪಣ್ಣ" ಎಂದ ಇಮಾಮುದ್ದೀನ್. ಸ್ಟೇಶನ್ ಬಜಾರದಲ್ಲಿ ಅವನೂ ಮಾಪಣ್ಣನೂ ಕೂಡಿ ಹಮಾಲಿ ಮಾಡಿದವರು. ಚಟ್ಟವನ್ನು ಅಂಗಳದಲ್ಲಿ ಇಳಿಸಿದರು. ಮಣ್ಣು ಮಾಡುವುದು ಅವನ ಊರು ಕಮಲಾಪುರದಲ್ಲಿ, ಗಾಡಿ ಬರಬೇಕಿತ್ತು.

ವಿಹಾರದ ಕಮಿಟಿಯ ಭೀಮಶಾ ಮಾಪಣ್ಣನ ಹೆಂಡತಿ ಶೇವಂತಾಳ ಹತ್ತಿರ ಬಂದ. ಅವರ ಮನೆಯ ಮುಂದಿನ ಖೋಲಿಯಲ್ಲಿ ಪ್ರತಿ ಐತ್ವಾರ ಬುದ್ಧ ವಂದನೆ ಹೇಳಿಸುವವನು ಅವನೇ.

"ವೈನಿ, ನೀವು ಊರಿಗಿ ಹೋದ್ರ ಲಗೂ ಬರಾಂಗಿಲ್ಲ. ಕೀಲಿಕೈ ಕಮಿಟಿ ಹಂತ್ಯಾಕ ಇರ್ಲಿ. ಇದು ಸಮಾಜದ ಜಾಗಾ. ಅದಕ್ಕೇ ಅಲ್ಲೇನು ಮನಿ ಟ್ಯಾಕ್ಸ್ ಮಾಫಿ ಆಗಿದ್ದು?"

"ನಾ ಎಲ್ಲಿ ಇರ್ಲಿ?"

"ಹಿಂದಿನ ಖೋಲ್ಯಾಗ ಇರ್ರಿ. ಯಾರು ಬ್ಯಾಡಂತಾರ?"

ಮಗಳು ಪಂಚಶೀಲಾ ಅಳು ನುಂಗಿಕೊಂಡು, "ಕೊಡವ್ವಾ. ಈ ಗಾಜಿಪುರದಾಗ ಟ್ಯಾಕ್ಸ್ ಕಟ್ಟದ ಗಂಡಸು ನಾನೊಬ್ಬನೇ ಅಂತಿದ್ದ ಅಪ್ಪ. ಅದನ್ನ ಸುಳ್ಳು ಮಾಡ್ತೀ?" ಎಂದಳು.

ಶೇವಂತಾಳ ಕೈ ನಡುವಿಗೆ ಸಿಕ್ಕಿಸಿದ್ದ ಕೀಲಿಕೈ ಮೇಲಿತ್ತು.

*

ಮಾಪಣ್ಣ ತಲೆ ಮೇಲೆ ಟ್ರಂಕು ಹೊತ್ತುಕೊಂಡೇ ನಿದ್ದೆಹೋಗಿ ಸೊಲ್ಲಾಪುರದಲ್ಲಿ ಎದ್ದವನು. ಹಾಗೆಂದು ಅವನೇ ಹೇಳುತ್ತಿದ್ದ. ವರ್ಷಗಳ ಹಿಂದೆ ಒಂದು ದಿನ ಮನೆ ಟ್ಯಾಕ್ಸ್ ಕಟ್ಟಲು ಹೋದವನು ಕಟ್ಟದೆ ಬಂದ.

"ಗುಡಿ, ಮಸೂತಿ, ವಿಹಾರಕ್ಕ ಟ್ಯಾಕ್ಸ್ ಮಾಫಿ ಅಂತ. ಬುದ್ಧ ನಮ್ಮನ್ಯಾಗ ಇಲ್ಲೇನು?"

ಮರುದಿನ ಬೋರ್ಡು ಏರಿತು. ವಾರದೊಳಗೆ ಟ್ಯಾಕ್ಸ್ ಸಾಹೇಬರು ಬಂದು, ಬೂಟು ಕಳಚಿ, ಕೈಮುಗಿದು ಮಾಫಿ ಮಾಡಿ ಹೋದರೆಂಬ ಮಾಪಣ್ಣನ ಕತೆ ಸ್ಟೇಶನ್ ತುಂಬ ಹರಡಿತು. ಬೋರ್ಡು ನೋಡಿದ ಜನ ಬಂದರು, ಕೂತರು, ಕಣ್ಣುಮುಚ್ಚಿದರು. ಬರುತ್ತಲೇ ಇದ್ದರು.

ಶೇವಂತಾ ತಾನು ಮಾರುವ ಶೇಂಗಾದ ಬುಟ್ಟಿ ಹೊತ್ತು, ಮಾಫಿ ನಿಜವೇ ಎಂದು ಕೇಳಲು ಒಬ್ಬಳೇ ಟ್ಯಾಕ್ಸ್ ಕಚೇರಿಗೆ ಹೋದಳು. ಖಿಡಕಿಯ ಹಿಂದಿನ ಗುಮಾಸ್ತ ನಕ್ಕ.

"ಬೋರ್ಡ್ ಬಡದ್ರ ಮಾಫಿ ಆಗಲ್ಲಬೇ. ಅರ್ಜಿ ಕೊಡ್ಬೇಕು, ನಾವು ಬಂದು ನೋಡ್ಬೇಕು. ನೀವು ಅಲ್ಲೇ ರೊಟ್ಟಿ ಬಡೀತೀರಿ, ಅಲ್ಲೇ ಮಲಗ್ತೀರಿ. ಅದು ವಾಸದ ಮನಿ. ಏಪ್ರಿಲ್‌ದಾಗ ಕಟ್ರಿ, ಸ್ವಲ್ಪ ಕಮ್ಮಿ ಆಗ್ತದ."

ಕಟ್ಟಿ ಬಂದಳು. ಹೊಸ್ತಿಲಲ್ಲಿ ಮಾಪಣ್ಣ ಯಾರಿಗೋ ಸಾಹೇಬನ ಬೂಟಿನ ಕತೆ ಹೇಳುತ್ತಿದ್ದ. ಅವಳು ಅವನನ್ನು ದಾಟಿ ಒಳಗೆ ಹೋಗಿ ಒಲೆ ಹಚ್ಚಿದಳು. ಅಲ್ಲಿಂದ ಪ್ರತಿ ಏಪ್ರಿಲ್ ಹಾಗೇ ಆಯಿತು.

*

"ಅಣ್ಣಾ, ಮಾಫಿ ಆಗಿಲ್ಲ." ಅಂಗಳದಲ್ಲಿದ್ದ ಹೆಣಕ್ಕೆ ಕೇಳಿಸಬಾರದು ಎಂಬಂತೆ ಶೇವಂತಾ ಪಿಸುಗುಟ್ಟಿದಳು.

"ಏನಂದ್ರಿ?" ಭೀಮಶಾ ಜೋರಾಗಿಯೇ ಕೇಳಿದ.

ಎಲ್ಲರೂ ತಿರುಗಿದರು. ಈಗ ಮೆಲ್ಲಗೆ ಹೇಳುವಂತಿರಲಿಲ್ಲ.

"ಮಾಫಿ ಆಗೇ ಇಲ್ಲ. ಪ್ರತಿ ವರ್ಷ ನಾನೇ ಕಟ್ಟೀನಿ, ವಾಸದ ಮನಿ ಅಂತ. ಅವರಿಗಿ ಹೇಳಿಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. "ಸುಮ್ಕಿರ್ರೋ" ಎಂದು ಇಮಾಮುದ್ದೀನ್ ಗದರಿದ. ಪಂಚಶೀಲಾ ಬಾಯಿಗೆ ಸೆರಗು ಒತ್ತಿ ಅಪ್ಪನ ಮುಖ ನೋಡಿದಳು, ಅವ್ವನದಲ್ಲ.

"ಮತ್ತ ಐತ್ವಾರ ನಾವೆಲ್ಲಿ ಕೂಡ್ಬೇಕು?" ಭೀಮಶಾನ ದನಿ ಇಳಿದಿತ್ತು.

"ಬರ್ರಿ. ಬಾಗ್ಲಾ ನಾನು ತೆರೀತೀನಿ."

ಬೋರ್ಡು ಬಿಚ್ಚಿಸಿ, ಬಾಗಿಲಿಗೆ ಕೀಲಿ ಹಾಕಿ, ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಗಾಡಿ ಹತ್ತಿದಳು.

*

ಕಮಲಾಪುರದಲ್ಲಿ ಬಾಳೆ ತೋಟದ ಆಚೆ, ಸ್ಮಶಾನದಲ್ಲಿ, ಎಲ್ಲರೂ ಮಣ್ಣು ಹಾಕಿದ ಮೇಲೆ ಶೇವಂತಾ ಬೋರ್ಡು ತಂದು ಗಂಡನ ತಲೆದೆಸೆಯಲ್ಲಿ ಊರಲು ನೋಡಿದಳು. ಹಸಿ ಮಣ್ಣಲ್ಲಿ ಅದು ನಿಲ್ಲಲಿಲ್ಲ.

"ಇಲ್ಯಾಕ, ವೈನಿ?" ಭೀಮಶಾ ಕೇಳಿದ.

"ಇಲ್ಲಿ ಯಾರೂ ಟ್ಯಾಕ್ಸ್ ಕೇಳಾಂಗಿಲ್ಲಣ್ಣಾ."

ಭೀಮಶಾ ಬೂಟು ಕಳಚಿ ದೂರ ಇಟ್ಟು, ಬರಿಗಾಲಲ್ಲಿ ಬಂದು, ಬೋರ್ಡಿನ ಬುಡಕ್ಕೆ ಕಲ್ಲು ಒತ್ತತೊಡಗಿದ.